ಕಂಬಳಿ ಕೊಡಿ, ಫೋಟೋ ಬೇಡ: ನಮ್ಮ ಸಭೆಯ ಹಿರಿಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಭಾಪಾಲಕರಾದ ಅಯ್ಯನವರಿಗೆ ಮತ್ತು ಕಮಿಟಿಯ ಹಿರಿಯರಿಗೆ,

ದಾವಣಗೆರೆಯ ನಿಮ್ಮ ಕ್ರೈಸ್ತ ಸಭೆಯ ಹಳೆಯ ಸದಸ್ಯನೊಬ್ಬನ ವಂದನೆಗಳು.

ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಪ್ರಕಟಣೆ ಓದಿದಿರಿ. ಈ ಸಲವೂ ಕ್ರಿಸ್ಮಸ್ಸಿಗೆ ಮುಂಚೆ ಕಂಬಳಿ, ಅಕ್ಕಿ ಹಂಚುವ ಕಾರ್ಯಕ್ರಮ ಇದೆ. ಮುಖ್ಯ ಅತಿಥಿಗಳು ಬರುತ್ತಾರೆ. ಫಲಾನುಭವಿಗಳು ಹತ್ತು ಗಂಟೆಗೇ ಬಂದು ಕೂತಿರಬೇಕು. ಫ್ಲೆಕ್ಸಿನಲ್ಲಿ ಹೆಸರು ಬರಬೇಕು ಅನ್ನುವ ದಾನಿಗಳು ಬುಧವಾರದೊಳಗೆ ಹಣ ಕಟ್ಟಬೇಕು. ಈ ಕೊನೆಯ ಮಾತು ಕೇಳಿದಾಗ ನನ್ನ ಪಕ್ಕ ಕೂತಿದ್ದ ಇಬ್ಬರು ತಲೆಯಾಡಿಸಿದರು. ನಾನೂ ಹೋದ ವರ್ಷದವರೆಗೆ ಹಾಗೇ ತಲೆಯಾಡಿಸಿದವನೇ.

ಈ ವಿಷಯ ಕಮಿಟಿಯಲ್ಲಿ ಎರಡು ಸಲ ಎತ್ತಿದ್ದೇನೆ. ಎರಡು ಸಲವೂ 'ಮುಂದಿನ ಮೀಟಿಂಗಲ್ಲಿ ನೋಡೋಣ' ಅಂದಿರಿ. ಮುಂದಿನ ಮೀಟಿಂಗು ಬಂತು, ಹೋಯಿತು, ಪೆಂಡಾಲ್ ಕಾಂಟ್ರಾಕ್ಟ್ ಯಾರಿಗೆ ಅನ್ನುವುದರಲ್ಲೇ ಮುಗಿಯಿತು. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಮನೆ ಮಾತು ಬೀದಿಗೆ ತಂದ ಅಂತ ಬೈಯುತ್ತೀರಿ, ಗೊತ್ತು. ಆದರೆ ಬಡವರ ಮುಖಗಳನ್ನು ಬೀದಿಗೆ ಮೊದಲು ತಂದವರು ನಾವೇ ಅಲ್ವಾ?

ಹೋದ ವರ್ಷ ನಡೆದದ್ದನ್ನು ಇದ್ದ ಹಾಗೇ ಹೇಳುತ್ತೇನೆ. ನಾನು ಅಲ್ಲೇ ಇದ್ದೆ. ಪಟ್ಟಿ ಬರೆದವನು ನಾನು. ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಕೂಗಿದವನೂ ನಾನೇ.

ಹತ್ತು ಗಂಟೆಗೆ 60 ಜನ ಬಂದು ಕೂತರು. ಜಾಸ್ತಿ ಹೆಂಗಸರು, ವಯಸ್ಸಾದವರು. ಮುಖ್ಯ ಅತಿಥಿ ಬಂದಾಗ ಹನ್ನೆರಡೂವರೆ ದಾಟಿತ್ತು. ಅಷ್ಟು ಹೊತ್ತು ಅವರಿಗೆ ನೀರು ಕೊಟ್ಟವರಿಲ್ಲ, ಯಾಕೆಂದರೆ ಯೌವನಸ್ಥರೆಲ್ಲ ಗೇಟಿನ ಹತ್ತಿರ ಹಾರ ಹಿಡಿದು ನಿಂತಿದ್ದರು. ಆಮೇಲೆ ಸ್ವಾಗತ, ಶಾಲು, ಹಣ್ಣಿನ ಬುಟ್ಟಿ, ಮೂರು ಭಾಷಣ. ಯಾರೋ ಅತಿಥಿಗಳ ತಲೆಗೆ ಸಾಂತಾ ಟೋಪಿ ಹಾಕಿದರು. ಕಂಬಳಿ ಕೊಡುವುದು ಶುರುವಾದಾಗ ಬಿಸಿಲು ನೆತ್ತಿ ಮೇಲಿತ್ತು. ಆ ಹೊತ್ತಲ್ಲಿ ಕಂಬಳಿ!

ಏಳನೆಯ ಹೆಸರು ನಮ್ಮ ಸಭೆಯದೇ ಒಬ್ಬ ತಾಯಿಯದು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಗಂಡ ತೀರಿಕೊಂಡು ವರ್ಷಗಳಾಗಿವೆ. ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಬೆಳಗಿನ ಜಾವ ಎದ್ದು ಹೋಗಿ ಕಾದ ಮರಳಿನ ಮುಂದೆ ನಿಂತು ಅಕ್ಕಿ ಹುರಿಯುವ ಕೆಲಸ ಅದು, ಆ ಬಿಸಿಯಿಂದ ಹೊರಗೆ ಬಂದರೆ ಡಿಸೆಂಬರಿನ ಚಳಿ ಬೇರೆಯವರಿಗಿಂತ ಜಾಸ್ತಿಯೇ ಹತ್ತುತ್ತದೆ. ಅವರಿಗೆ ಕಂಬಳಿ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಬಂದರು, ಕಂಬಳಿ ತೆಗೆದುಕೊಂಡರು, ಕೈ ಮುಗಿದು ತಿರುಗಿದರು. ಅಷ್ಟರಲ್ಲಿ ಫೋಟೋದವನು 'ಅಮ್ಮಾ ನಿಲ್ಲಿ, ಸರಿ ಬಂದಿಲ್ಲ' ಅಂದ. ಕಂಬಳಿಯನ್ನು ಅವರ ಕೈಯಿಂದ ವಾಪಸ್ ಇಸಿದುಕೊಂಡು ಅತಿಥಿಗಳ ಕೈಗೆ ಕೊಟ್ಟು, ಮತ್ತೆ ಅವರಿಗೆ ಕೊಡಿಸಿದೆವು. 'ಸ್ವಲ್ಪ ನಗಿ' ಅಂತ ಕಮಿಟಿಯವರೊಬ್ಬರು ಹೇಳಿದರು. ಅವರು ನಕ್ಕರು.

ಆ ನಗುವೇ ಫ್ಲೆಕ್ಸಿಗೆ ಬಂತು. ಎಂಟು ಅಡಿ ಅಗಲ, ರಸ್ತೆಗೆ ಎದುರಾಗಿ. ಅತಿಥಿಗಳ ಮುಖ ದೊಡ್ಡದು, ದಾನಿಗಳ ಮುಖಗಳು ಕೆಳಗೆ ಸಾಲಾಗಿ, ನಡುವೆ ಈ ತಾಯಿ. ಹೊಸ ವರ್ಷ ಕಳೆದರೂ ಅದನ್ನು ಇಳಿಸಲಿಲ್ಲ. ಆ ರಸ್ತೆಯಲ್ಲೇ ಅವರ ಮಗಳ ಕಾಲೇಜಿನ ಬಸ್ಸು ಹೋಗುತ್ತದೆ.

ಫೆಬ್ರುವರಿಯಲ್ಲಿ ಯಾವುದೋ ಕೆಲಸಕ್ಕೆ ಅವರ ಮನೆ ಕಡೆ ಹೋಗಿದ್ದೆ. ಬಾಗಿಲಲ್ಲಿ ಒಂದು ನಾಯಿ ಮಲಗಿತ್ತು, ಹೊಟ್ಟೆಗೆ ನಾಲ್ಕೈದು ಮರಿ ಅಂಟಿಕೊಂಡಿದ್ದವು. ಕೆಳಗೆ ಹಾಸಿದ್ದು ನಮ್ಮ ಕಂಬಳಿ. ನಾನು ನೋಡಿದ್ದನ್ನು ಅವರು ನೋಡಿದರು. ಕೋಪವೇನೂ ಇಲ್ಲದೆ, ಮುಜುಗರದಲ್ಲಿ ಹೇಳಿದರು: 'ತಪ್ಪು ತಿಳ್ಕಬ್ಯಾಡ್ರಿ ಅಣ್ಣ. ಮಗಳು ಅದನ್ನ ಒಳಗೆ ತರಾಕೆ ಬಿಡಲಿಲ್ಲ. ಅವಳ ಜತೆ ಓದೋ ಹುಡುಗ್ರು ಬೋರ್ಡ್ ನೋಡಿ ಏನೋ ಅಂದ್ರಂತೆ. ನಾಲ್ಕು ದಿನ ಕಾಲೇಜಿಗೇ ಹೋಗಲಿಲ್ಲ.' ಆಮೇಲೆ ಚಹಾ ಮಾಡಿಕೊಟ್ಟರು. ಚಹಾ ಕುಡಿದು ಬಂದೆ. ಅವತ್ತಿನಿಂದ ಈ ಮಾತು ಎದೆಯಲ್ಲಿ ಕೂತಿದೆ.

ಹಿರಿಯರೇ, ನಾನು ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿ ಆಯುಷ್ಯ ಸವೆಸಿದವನು. ದೇವಶಾಸ್ತ್ರ ಓದಿಲ್ಲ. ನನಗೆ ಗೊತ್ತಿರುವುದು ಜಮಾ-ಖರ್ಚು. ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ ನನಗೆ ಅರ್ಥವಾಗಿದ್ದೂ ಆ ದಾರಿಯಲ್ಲೇ. ಧರ್ಮ ಕೊಡುವಾಗ ಬೀದಿಯಲ್ಲಿ, ಸಭಾಮಂದಿರದಲ್ಲಿ ತುತೂರಿ ಊದಿಸಬೇಡ, ಹಾಗೆ ಊದಿಸುವವರಿಗೆ ಬರಬೇಕಾದ ಫಲ ಬಂದಾಯಿತು ಅನ್ನುತ್ತಾನೆ ಯೇಸು. 'ಬಂದಾಯಿತು' ಅನ್ನುವ ಕಡೆ ಗ್ರೀಕ್ ಮೂಲದಲ್ಲಿರುವ ಶಬ್ದ ಆ ಕಾಲದ ರಸೀದಿಗಳಲ್ಲಿ ಬರೆಯುತ್ತಿದ್ದ ಶಬ್ದವಂತೆ. ಪೂರ್ತಿ ಸಂದಾಯವಾಗಿದೆ, ಬಾಕಿ ಏನೂ ಇಲ್ಲ ಅಂತ. ಹಿಂದೆ ಇದ್ದ ಒಬ್ಬ ಅಯ್ಯನವರು ಬೈಬಲ್ ಕ್ಲಾಸಿನಲ್ಲಿ ಇದನ್ನು ಹೇಳಿದಾಗ ನನಗೆ ಅಂಗಡಿಯ ರಸೀದಿ ಪುಸ್ತಕವೇ ಕಣ್ಣಿಗೆ ಬಂತು. ಫ್ಲೆಕ್ಸಿನಲ್ಲಿ ಮುಖ ಬಂತಾ? ಖಾತೆ ಚುಕ್ತಾ. ಇನ್ನು ಪರಲೋಕದಲ್ಲಿ ಹೋಗಿ ಬಾಕಿ ಕೇಳುವ ಹಾಗಿಲ್ಲ.

ಈ ವಾಕ್ಯದ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಎಲ್ಲದರಲ್ಲೂ ಕೊಡುವವನ ಆತ್ಮದ ಚಿಂತೆಯೇ. ಅವನಿಗೆ ಗರ್ವ ಬರಬಾರದು, ಅವನ ಫಲ ಹೋಗಬಾರದು. ತೆಗೆದುಕೊಳ್ಳುವವರ ಗತಿ ಏನು? ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಅಂದರೆ ಪಕ್ಕದ ಮನೆಯವರಿಗೂ ತಿಳಿಯಬಾರದು, ಕಾಲೇಜಿನ ಬಸ್ಸಿಗೂ ತಿಳಿಯಬಾರದು. ಗುಟ್ಟಾಗಿ ಕೊಡು ಅಂದಿದ್ದು ಅವರ ಮಾನ ಉಳಿಯಲಿ ಅಂತಲೂ ಹೌದು ಅಂತ ನನಗೆ ಆ ನಾಯಿಮರಿಗಳನ್ನು ನೋಡಿದ ಮೇಲೆ ಹೊಳೆಯಿತು. ನಮ್ಮ ಹೆಸರಿನ ಆಸೆಗೆ ದಂಡ ತೆತ್ತವಳು ಆ ಹುಡುಗಿ.

ಸಾಂತಾ ಟೋಪಿಯ ವಿಷಯಕ್ಕೆ ಬರುತ್ತೇನೆ, ಅದು ನನಗೆ ಇನ್ನೂ ನಗು ತರಿಸುತ್ತದೆ. ಆ ಟೋಪಿಯ ಮೂಲಪುರುಷ ನಿಕೋಲಾಸ್ ಈಗಿನ ಟರ್ಕಿಯಲ್ಲಿದ್ದ ಮೈರಾ ಊರಿನ ಬಿಷಪ್, 4ನೇ ಶತಮಾನದವನು. ಅವನ ಬಗ್ಗೆ ಹೇಳುವ ಕಥೆ ಏನು? ಮೂರು ಹೆಣ್ಣುಮಕ್ಕಳಿಗೆ ಮದುವೆ ಮಾಡಲಾಗದೆ ಕಂಗಾಲಾದ ಒಬ್ಬ ತಂದೆಯ ಮನೆಗೆ ರಾತ್ರಿ ಹೊತ್ತು ಹೋಗಿ, ಕಿಟಕಿಯಿಂದ ಚಿನ್ನದ ಗಂಟು ಎಸೆದು ಬಂದ. ಯಾರಿಗೂ ಗೊತ್ತಾಗದ ಹಾಗೆ. ಕಥೆಯೇ ಇರಬಹುದು, ಆದರೆ ಕಥೆಯ ಜೀವ ಇರುವುದು ಆ ಕತ್ತಲಲ್ಲಿ. ನಾವು ಅವನ ಟೋಪಿ ಹಾಕಿಕೊಂಡು ನಡು ಮಧ್ಯಾಹ್ನ ಫ್ಲಾಶ್ ಹೊಡೆಸಿಕೊಂಡೆವು.

ಕಮಿಟಿಯಲ್ಲಿ ನನಗೆ ಕೊಟ್ಟ ಉತ್ತರಗಳನ್ನು ಮರೆತಿಲ್ಲ. ಒಬ್ಬ ಹಿರಿಯರು ಮತ್ತಾಯ 5:16 ಹೇಳಿದರು. ನಿಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಲಿ, ಅವರು ನಿಮ್ಮ ಒಳ್ಳೆ ಕೆಲಸ ನೋಡಲಿ ಅಂತ ಇದೆಯಲ್ಲ ಅಂದರು. ಇದೆ. ನೋಡಿ ಪರಲೋಕದಲ್ಲಿರುವ ತಂದೆಯನ್ನು ಕೊಂಡಾಡಲಿ ಅಂತಲೂ ಮುಂದೆ ಇದೆ. ನಮ್ಮ ಫ್ಲೆಕ್ಸಿನಲ್ಲಿ ತಂದೆಯ ಹೆಸರು ಎಲ್ಲಿತ್ತು ಅಂತ ನೆನಪು ಮಾಡಿಕೊಂಡೆ. ಮೇಲ್ಗಡೆ ಮೂಲೆಯಲ್ಲಿ, ಪ್ರಿಂಟರ್ ಫೋನ್ ನಂಬರಿಗಿಂತ ಸ್ವಲ್ಪ ದೊಡ್ಡದಾಗಿ.

ಇನ್ನೊಬ್ಬರ ಮಾತು ಇದಕ್ಕಿಂತ ತೂಕದ್ದು. 'ಫೋಟೋ ಇಲ್ಲದಿದ್ದರೆ ಹಣ ಎಲ್ಲಿ ಹೋಯಿತು ಅಂತ ದಾನಿಗಳು ಕೇಳುತ್ತಾರೆ. ಅದೂ ಅಲ್ಲದೆ ಕ್ರೈಸ್ತರು ಗುಟ್ಟಾಗಿ ಮನೆಮನೆಗೆ ಹಂಚಿದರೆ ಹೊರಗಿನವರು ಬೇರೆ ಅರ್ಥ ಮಾಡುತ್ತಾರೆ.' ಈ ಭಯ ಸುಮ್ನೆ ಅಲ್ಲ. ಒಪ್ಪುತ್ತೇನೆ. ಆದರೆ ಇದಕ್ಕೆ ಮದ್ದು ಮೊದಲ ಕಾಲದ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನ ಹತ್ತಿರವೇ ಇದೆ. ಯೆರೂಸಲೇಮಿನ ಬಡವರಿಗಾಗಿ ಸಭೆಗಳಿಂದ ಹಣ ಎತ್ತಿದಾಗ ಅವನು ಅದನ್ನು ಒಬ್ಬನೇ ಇಟ್ಟುಕೊಳ್ಳಲಿಲ್ಲ. ತನ್ನ ಜೊತೆಗಾರ ತೀತನ ಜೊತೆಗೆ, ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನೂ ಸೇರಿಸಿದ. ಈ ಹಣದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂತ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೇ ಅಧ್ಯಾಯದಲ್ಲಿ ಹೇಳಿದ. ಅಂದರೆ ಲೆಕ್ಕ ತೋರಿಸಿದ, ಯೆರೂಸಲೇಮಿನ ವಿಧವೆಯರ ಮುಖ ತೋರಿಸಲಿಲ್ಲ.

ನಾವು ಮಾಡಿದ್ದು ಇದಕ್ಕೆ ಉಲ್ಟಾ. ಮುಖ ತೋರಿಸಿದೆವು, ಲೆಕ್ಕ ಮುಚ್ಚಿಟ್ಟೆವು. ಹೋದ ವರ್ಷದ ಖರ್ಚಿನ ಚೀಟಿಗಳನ್ನು ನಾನು ನೋಡಿದ್ದೇನೆ. ಕಂಬಳಿ ಮತ್ತು ಅಕ್ಕಿಗೆ ಆದದ್ದಕ್ಕಿಂತ ಶಾಮಿಯಾನ, ಮೈಕ್, ಫ್ಲೆಕ್ಸ್, ಶಾಲು, ಅತಿಥಿಗಳ ಜೊತೆ ಬಂದವರ ಊಟಕ್ಕೆ ಆದದ್ದೇ ಜಾಸ್ತಿ. ವಾರ್ಷಿಕ ವರದಿಯಲ್ಲಿ ಎಲ್ಲವೂ ಸೇರಿ 'ಬಡವರ ಸಹಾಯ' ಅಂತ ಒಂದೇ ಸಾಲು ಬಂದಿದೆ. ಗುಮಾಸ್ತನಾಗಿ ಹೇಳುತ್ತೇನೆ, ಇಂಥ ಸಾಲು ಬರೆದಿದ್ದರೆ ನಮ್ಮ ಸಾಹುಕಾರರು ನನ್ನನ್ನು ಮನೆಗೆ ಕಳಿಸುತ್ತಿದ್ದರು.

ಸಾಹುಕಾರರು ಅಂದೆನಲ್ಲ, ಅವರು ಲಿಂಗಾಯತರು. ಈಗಿಲ್ಲ. ಪ್ರತಿ ಜೂನಿನಲ್ಲಿ ಮೂರ್ನಾಲ್ಕು ಹುಡುಗರ ಹಾಸ್ಟೆಲ್ ಫೀಸು ನನ್ನ ಕೈಯಲ್ಲೇ ಕಟ್ಟಿಸುತ್ತಿದ್ದರು. ಪುಸ್ತಕದಲ್ಲಿ ಏನಂತ ಬರೆಯಲಿ ಅಂತ ಮೊದಲ ಸಲ ಕೇಳಿದೆ. 'ಗೋಣಿಚೀಲ ರಿಪೇರಿ ಅಂತ ಬರಿ' ಅಂದರು. ಲೆಕ್ಕಶಾಸ್ತ್ರದ ಪ್ರಕಾರ ತಪ್ಪು, ಆಡಿಟರು ಬೈದರು ಕೂಡ. ಆ ಹುಡುಗರಲ್ಲಿ ಒಬ್ಬ ಈಗ ಇಂಜಿನಿಯರು, ಅವನಿಗೆ ಇವತ್ತಿಗೂ ಗೊತ್ತಿಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ 'ಮಾಡಿದಷ್ಟು ನೀಡು ಭಿಕ್ಷೆ' ಅನ್ನುವ ಮಾತು ನಮ್ಮ ಚಿತ್ರದುರ್ಗ-ದಾವಣಗೆರೆ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಇಲ್ಲಿನ ಮಠಗಳ ದಾಸೋಹದಲ್ಲಿ ಪಂಕ್ತಿಗೆ ಕೂತವನನ್ನು ಎಬ್ಬಿಸಿ ಫೋಟೋ ತೆಗೆಯುವುದಿಲ್ಲ. ಉಂಡು ಕೈ ತೊಳೆದು ಹೋಗುತ್ತಾನೆ. ಇಂಥ ನೆಲದಲ್ಲಿ ಹುಟ್ಟಿ ಬೆಳೆದ ನಾವು, ಮೇಲಾಗಿ ಬೈಬಲನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡುವ ನಾವು, ಕಂಬಳಿಯನ್ನು ವಾಪಸ್ ಇಸಿದುಕೊಂಡು ಎರಡನೇ ಸಲ ಕೊಟ್ಟೆವು.

ಹೊರಗಿನವರ ಅನುಮಾನದ ಬಗ್ಗೆ ಇನ್ನೊಂದು ಮಾತು. ಮೂರು ಭಾನುವಾರ ಆರಾಧನೆಗೆ ಬಂದವರಿಗೆ ಮಾತ್ರ ಟೋಕನ್ ಅಂತ ಹೋದ ವರ್ಷ ನಿಯಮ ಮಾಡಿದ್ದೆವಲ್ಲ, ಅನುಮಾನ ಹುಟ್ಟುವುದು ಅಲ್ಲಿ. ಚಳಿಗೆ ಭಾನುವಾರದ ಹಾಜರಿ ಪುಸ್ತಕ ಗೊತ್ತಾ? ಯೇಸು ಹೇಳಿದ ಕಥೆಯಲ್ಲಿ ಸಮಾರ್ಯದವನು, ಅಂದರೆ ಯೆಹೂದ್ಯರಿಗೆ ಆಗದ ಜನದವನು, ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನಿಗೆ ಎಣ್ಣೆ ಹಚ್ಚಿ, ಛತ್ರಕ್ಕೆ ಕರೆದೊಯ್ದು, ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟು, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂದ. ನಿನ್ನ ಊರು ಯಾವುದು, ದೇವರನ್ನು ಎಲ್ಲಿ ಆರಾಧಿಸುತ್ತೀಯ ಅಂತ ಕೇಳಲಿಲ್ಲ. 4ನೇ ಶತಮಾನದಲ್ಲಿ ರೋಮಿನ ಚಕ್ರವರ್ತಿ ಜೂಲಿಯನ್, ಅವನಿಗೆ ಕ್ರೈಸ್ತರನ್ನು ಕಂಡರೆ ಆಗುತ್ತಿರಲಿಲ್ಲ, ತನ್ನ ಒಬ್ಬ ಪೂಜಾರಿಗೆ ಕಾಗದ ಬರೆದು ಗೊಣಗಿದ್ದಾನೆ: ಇವರು ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಾರಲ್ಲ, ನಮಗೆ ನಾಚಿಕೆಗೇಡು ಅಂತ. ಆಗದವನ ಬಾಯಲ್ಲಿ ಬಂದ ಮಾತು ಇದು.

ಈಗ ನಮ್ಮ ದೇವಾಲಯದ ಸುಗ್ಗಿ ಹಬ್ಬದ ವಿಷಯ, ಸಭೆಯವರು ತಂದ ವಸ್ತುಗಳನ್ನು ಹರಾಜು ಹಾಕುವ ಹಬ್ಬ. ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಈ ಸಲದ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಬೂದುಗುಂಬಳ 11,000ಕ್ಕೆ ಹೋಯಿತು. ಕೂಗಿದವರ ಹೆಸರು, ಅವರ ತಂದೆಯ ಹೆಸರು, ಅಂಗಡಿಯ ಹೆಸರು ಮೂರು ಮೂರು ಸಲ ಮೈಕಿನಲ್ಲಿ ಬಂತು. ಚಪ್ಪಾಳೆ ಬಿತ್ತು. ಪರವಾಗಿಲ್ಲ, ಹಬ್ಬದ ಖುಷಿ, ಹರಾಜು ನನಗೂ ಇಷ್ಟ. ಅದಾದ ಮೇಲೆ ಒಂದು ಮಂಡಕ್ಕಿ ಚೀಲ ಎತ್ತಿ ಹಿಡಿದು ಹರಾಜು ಕೂಗುವವರು 'ಇದನ್ನ ಯಾರಪ್ಪಾ ತಂದಿದ್ದು? ಮೆಣಸಿನಕಾಯಿ ಬಜ್ಜಿನೂ ಇದ್ದರೆ ಚೆನ್ನಾಗಿತ್ತು' ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಚೀಲ 50 ರೂಪಾಯಿಗೆ ಹೋಯಿತು, ಕೊಂಡವರ ಹೆಸರನ್ನೂ ಯಾರೂ ಹೇಳಲಿಲ್ಲ. ಹಿಂದಿನ ಸಾಲಿನಲ್ಲಿ ಆ ತಾಯಿ ಸೆರಗು ಸರಿ ಮಾಡಿಕೊಳ್ಳುತ್ತಾ ಕೂತಿದ್ದರು. ಆಗ ನನಗೆ ಗೊತ್ತಾಯಿತು, ಚೀಲ ಯಾರದು ಅಂತ.

ಹಿರಿಯರೇ, ಅವರು ಪ್ರತಿ ವರ್ಷ ತರುತ್ತಾರಂತೆ. ನನ್ನ ಪಟ್ಟಿಯಲ್ಲಿ ಅವರ ಹೆಸರು ತೆಗೆದುಕೊಳ್ಳುವವರ ಕಡೆ ಮಾತ್ರ ಇತ್ತು. ಕೊಡುವವರ ಕಡೆಯೂ ಅವರಿದ್ದಾರೆ ಅನ್ನುವುದು ಇಷ್ಟು ವರ್ಷ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯ ಕಥೆಯನ್ನು ಪ್ರತಿ ವರ್ಷ ಕಾಣಿಕೆ ಹೆಚ್ಚಿಸಲು ಹೇಳುತ್ತೇವೆ. ಅಲ್ಲಿ ಯೇಸು ಏನು ಮಾಡಿದ ಅಂತ ಮಾರ್ಕನ ಸುವಾರ್ತೆಯಲ್ಲಿ ಮತ್ತೆ ಓದಿದೆ. ಎದುರಿಗೆ ಕೂತು ಸುಮ್ಮನೆ ನೋಡುತ್ತಿದ್ದ. ಅವಳನ್ನು ನಿಲ್ಲಿಸಲಿಲ್ಲ, ಹೆಸರು ಕೇಳಲಿಲ್ಲ. ಶಿಷ್ಯರನ್ನು ಹತ್ತಿರ ಕರೆದು ಅವರಿಗೆ ಮಾತ್ರ ಹೇಳಿದ. ಅವಳು ತನ್ನ ಪಾಡಿಗೆ ಮನೆಗೆ ಹೋದಳು, ತನ್ನ ಬಗ್ಗೆ ಮಾತಾಡಿದ್ದೂ ಅವಳಿಗೆ ಗೊತ್ತಾಗಿರಲಿಕ್ಕಿಲ್ಲ. ಅದಕ್ಕೆ ಒಂದೆರಡು ವಾಕ್ಯ ಮುಂಚೆ, ವಿಧವೆಯರ ಮನೆಗಳನ್ನು ನುಂಗಿ ನಟನೆಗೆ ಉದ್ದ ಪ್ರಾರ್ಥನೆ ಮಾಡುವವರ ಬಗ್ಗೆ ಅದೇ ಯೇಸು ಹೇಳಿದ ಮಾತಿದೆ. ಆ ಭಾಗವನ್ನು ನಾವು ಕಾಣಿಕೆ ಭಾನುವಾರ ಓದುವುದಿಲ್ಲ.

ನಮ್ಮ ದಾನಿಗಳೆಲ್ಲ ಕಪಟಿಗಳು ಅಂತ ನಾನು ಹೇಳುತ್ತಿಲ್ಲ. ಅವರಲ್ಲಿ ಒಳ್ಳೆಯ ಮನಸ್ಸಿನವರು ಬೇಕಾದಷ್ಟು ಜನ ಇದ್ದಾರೆ. ಹೆಸರು ಹಾಕಿ ಅಂತ ಕೇಳದವರ ಹೆಸರನ್ನೂ ನಾವೇ ಹಾಕಿ ಅಭ್ಯಾಸ ಮಾಡಿಸಿದ್ದೇವೆ. ಈಗ ಹಾಕದಿದ್ದರೆ ಬೇಜಾರು. ಮತ್ತಾಯ 25ರ ಕೊನೆಯ ತೀರ್ಪಿನಲ್ಲಿ, ನಾನು ಹಸಿದಿದ್ದಾಗ ಊಟ ಕೊಟ್ಟಿರಿ ಅಂತ ಅರಸ ಹೇಳಿದಾಗ ಅವನ ಬಲಗಡೆ ನಿಂತವರು, ಕರ್ತನೇ ನೀನು ಹಸಿದದ್ದನ್ನು ನಾವು ಯಾವಾಗ ನೋಡಿದೆವು ಅಂತ ಕೇಳುತ್ತಾರೆ. ಅವರಿಗೆ ನೆನಪೇ ಇಲ್ಲ! ಮೊಬೈಲಿನಲ್ಲಿ ಫೋಟೋ ಇದ್ದಿದ್ದರೆ ತಾರೀಕು ಸಮೇತ ತೋರಿಸುತ್ತಿದ್ದರು.

ನನ್ನ ಬೇಡಿಕೆ ದೊಡ್ಡದೇನಲ್ಲ. ಈ ವರ್ಷದ ಫ್ಲೆಕ್ಸ್ ಇನ್ನೂ ಪ್ರಿಂಟ್ ಆಗಿಲ್ಲ, ನಿಲ್ಲಿಸಿ. ಮುಖ್ಯ ಅತಿಥಿಗಳಿಗೆ ಫೋನ್ ಮಾಡಿ ಕ್ರಿಸ್ಮಸ್ ಊಟಕ್ಕೆ ಕರೆಯಿರಿ, ಬರಲಿ, ಎಲ್ಲರ ಜೊತೆ ಕೂತು ಉಣ್ಣಲಿ. ಕಂಬಳಿಗಳನ್ನು ನವೆಂಬರಿನಲ್ಲೇ ಕೊಡಬೇಕಿತ್ತು, ಆಗಲಿಲ್ಲ, ಇನ್ನಾದರೂ ಇದೇ ವಾರ ಕೊಡೋಣ. ಕತ್ತಲಾದ ಮೇಲೆ ಇಬ್ಬಿಬ್ಬರು ಹೋಗಿ, ಬಾಗಿಲಲ್ಲಿ ಕೊಟ್ಟು, ಹೇಗಿದ್ದೀರಿ ಅಂತ ಕೇಳಿ ಬರೋಣ. ಚಹಾ ಕೊಟ್ಟರೆ ಕುಡಿಯೋಣ. ಟೋಕನ್ ಬೇಡ, ಹಾಜರಿ ಬೇಡ. ಯಾರಿಗೆ ಏನು ಬೇಕು ಅಂತ ಮೊದಲು ಕೇಳಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ಆ ತಾಯಿಗೆ ಕಂಬಳಿಗಿಂತ ಮಗಳ ಪರೀಕ್ಷೆ ಫೀಸಿನ ಚಿಂತೆ ಜಾಸ್ತಿ ಇತ್ತು ಅನ್ನುವುದು ಅವತ್ತು ಚಹಾ ಕುಡಿಯುವಾಗ ಗೊತ್ತಾಯಿತು.

ಲೆಕ್ಕದ ಕೆಲಸ ನನಗೆ ಕೊಡಿ, ನನ್ನ ಜೊತೆ ಇನ್ನಿಬ್ಬರನ್ನು ಸಭೆಯೇ ಆರಿಸಲಿ. ಎಷ್ಟು ಬಂತು, ಎಷ್ಟು ಕಂಬಳಿ, ಒಂದಕ್ಕೆ ಎಷ್ಟು, ಯಾವ ಅಂಗಡಿ ಬಿಲ್ಲು, ಎಲ್ಲವನ್ನೂ ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಕೊಟ್ಟವರ ಹೆಸರು ಇರುವುದಿಲ್ಲ, ತೆಗೆದುಕೊಂಡವರದೂ ಇರುವುದಿಲ್ಲ. ಅನುಮಾನ ಇದ್ದವರು ಬಂದು ಚೀಟಿ ನೋಡಬಹುದು, ಸಭೆಯವರೇ ಆಗಬೇಕೆಂದಿಲ್ಲ. ಹರಾಜು ನಡೆಯಲಿ, ಆದರೆ ತಂದ ವಸ್ತುವಿನ ಬಗ್ಗೆ ಮೈಕಿನಲ್ಲಿ ತಮಾಷೆ ಬೇಡ. ಮತ್ತೆ ಆ ತಾಯಿಯ ಹತ್ತಿರ, ಅವರ ಮಗಳ ಹತ್ತಿರ ಕಮಿಟಿಯ ಪರವಾಗಿ ಯಾರಾದರೂ ಹೋಗಿ ಕ್ಷಮೆ ಕೇಳಬೇಕು. ಮೈಕಿನಲ್ಲಿ ಅಲ್ಲ, ಮನೆಯಲ್ಲಿ. ನಾನು ಆಗಲೇ ಹೋಗಿ ಬಂದಿದ್ದೇನೆ. ಮಗಳು ಹೊರಗೆ ಬರಲಿಲ್ಲ.

ಕೊನೆಯದಾಗಿ ನನ್ನದೇ ಒಂದು ಕೆಲಸ ಬಾಕಿ ಇದೆ. ನಮ್ಮ ದೇವಾಲಯದಲ್ಲಿ ಬಲಗಡೆ ಮೂರನೇ ಫ್ಯಾನಿನ ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ನಮ್ಮ ಅಪ್ಪನ ಹೆಸರು ಬರೆದಿದೆ, 'ದಾನಿಗಳು' ಅಂತ ಸೇರಿಸಿ. ಬರೆಸಿದವನು ನಾನು. ಫ್ಯಾನ್ ತಿರುಗುವಾಗ ಹೆಸರು ಕಾಣುವುದಿಲ್ಲ. ಕರೆಂಟು ಹೋಗಿ ಎಲ್ಲರೂ ಬೆವರುವಾಗ ಮಾತ್ರ ನಿಚ್ಚಳವಾಗಿ ಕಾಣುತ್ತದೆ. ಎಷ್ಟೋ ಭಾನುವಾರ ಪ್ರಸಂಗದ ನಡುವೆ ಅದನ್ನು ನೋಡಿ ಖುಷಿಪಟ್ಟಿದ್ದೇನೆ. ಶನಿವಾರ ಮಧ್ಯಾಹ್ನ ತಿನ್ನರ್ ಮತ್ತು ಹಳೆ ಬಟ್ಟೆ ತರುತ್ತೇನೆ. ಏಣಿ ವೆಸ್ಟ್ರಿಯ (ದೇವಾಲಯದ ಪಕ್ಕದ ಕೋಣೆ) ಹಿಂದೆ ಇದೆ, ಬೀಗದ ಕೈ ಮಾತ್ರ ಕಳಿಸಿಕೊಡಿ.

ಈ ಪತ್ರದ ಕೆಳಗೆ ನನ್ನ ಹೆಸರು ಹಾಕಿಲ್ಲ, ಹಾಕಿದರೆ ಇದೂ ಒಂದು ಫ್ಲೆಕ್ಸ್ ಆದೀತು. ಹೆಸರು, ಸಹಿ ಇರುವ ಪ್ರತಿಯನ್ನು ಅಯ್ಯನವರ ಕೈಗೆ ಕೊಟ್ಟಿದ್ದೇನೆ.

ಇಂತಿ,
ನಿಮ್ಮ ಸಭೆಯ ಪಟ್ಟಿ ಬರೆಯುವ ಗುಮಾಸ್ತ,
ದಾವಣಗೆರೆ